ಆನ್‌ಲೈನ್‌ನಲ್ಲಿ ಹೆಲ್ತ್ ಇನ್ಶೂರೆನ್ಸ್ ಆರಿಸೋದು ಹೇಗೆ? ಪ್ರೀಮಿಯಂ ನೋಡೋಕೆ ಮುಂಚೆ ಬಿಲ್ ನೋಡಿ

ನಮ್ಮತ್ತೆಗೆ ಪಿತ್ತಕೋಶದ ಕಲ್ಲಿನ ಆಪರೇಷನ್ ಆದಾಗ ಡಿಸ್ಚಾರ್ಜ್ ಕೌಂಟರ್ ಮುಂದೆ ನಿಂತಿದ್ದವಳು ನಾನೇ. ಐದು ಲಕ್ಷದ ಪಾಲಿಸಿ ಇತ್ತು, ಕಂತು ಒಂದೂ ತಪ್ಪಿಸಿರಲಿಲ್ಲ, ಬಿಲ್ ಎರಡು ಲಕ್ಷದ ಒಳಗೇ ಇತ್ತು, ಹಾಗಾಗಿ ಕೈಯಿಂದ ಏನೂ ಹೋಗಲ್ಲ ಅಂದ್ಕೊಂಡಿದ್ವಿ. ಆದ್ರೆ ಪಾಲಿಸಿಯಲ್ಲಿ ರೂಮ್ ಬಾಡಿಗೆ ದಿನಕ್ಕೆ 5,000 ಮಾತ್ರ ಅಂತ ಇತ್ತು, ನಾವು ತಗೊಂಡಿದ್ದು 8,000ದ ರೂಮು. ದಿನಕ್ಕೆ ಮೂರು ಸಾವಿರ ಜಾಸ್ತಿ, ನಾಲ್ಕು ದಿನಕ್ಕೆ ಹನ್ನೆರಡು ಸಾವಿರ ತಾನೇ, ಕಟ್ಟಿದ್ರಾಯ್ತು ಅಂತ ಸುಮ್ನಿದ್ವಿ. ಲೆಕ್ಕ ಹಾಗಲ್ಲ. ರೂಮಿನ ಮಿತಿ ದಾಟಿದ್ರೆ ಡಾಕ್ಟರ್ ಫೀಸು, ಆಪರೇಷನ್ ಥಿಯೇಟರ್ ಚಾರ್ಜು, ಅನಸ್ತೇಷಿಯಾ ಇವೆಲ್ಲದಕ್ಕೂ ಅದೇ ಅನುಪಾತದಲ್ಲಿ ಕತ್ತರಿ ಬೀಳತ್ತೆ. ಆ ಬಾಬ್ತು 1,20,000 ಆಗಿತ್ತು, ಎಂಟರಲ್ಲಿ ಐದು ಪಾಲು ಅಂದ್ರೆ 75,000 ಮಾತ್ರ ಪಾಸಾಯ್ತು, 45,000 ನಮ್ಮ ತಲೆಗೆ, ರೂಮಿನ 12,000 ಸೇರಿ 57,000. ಅದರ ಮೇಲೆ ಶೇ 5 ಕೋ-ಪೇ, ಅಂದ್ರೆ ಪಾಸಾದ ಮೊತ್ತದಲ್ಲೂ ನಾವೇ ಕೊಡಬೇಕಾದ ಪಾಲು ಬೇರೆ. ಔಷಧಿ ಬಿಲ್‌ಗೆ ಈ ಕತ್ತರಿ ಬೀಳಲಿಲ್ಲ ಅನ್ನೋದೊಂದೇ ಸಮಾಧಾನ.

ಆ ಪಾಲಿಸಿ ತಗೊಂಡಿದ್ದು ಒಂದು ವೆಬ್‌ಸೈಟಿನಲ್ಲಿ "ಕಡಿಮೆ ಪ್ರೀಮಿಯಂ ಮೊದಲು" ಅಂತ ಒತ್ತಿ, ಮೇಲೆ ಬಂದಿದ್ದನ್ನೇ ಆರಿಸಿ. ಆನ್‌ಲೈನ್ ಸಾಧನಗಳು ಕೆಟ್ಟವು ಅಂತ ನಾನು ಹೇಳ್ತಿಲ್ಲ, ಏಜೆಂಟ್ ಹೇಳಿದ್ದನ್ನೇ ನಂಬ್ಕೊಂಡು ಕೂರೋದಕ್ಕಿಂತ ಇವು ಎಷ್ಟೋ ವಾಸಿ, ಆದ್ರೆ ಯಾವುದನ್ನ ಯಾವಾಗ ತೆರೀಬೇಕು ಅಂತ ಗೊತ್ತಿರಬೇಕು.

ಮೊದಲು ಸರ್ಕಾರದ್ದು ಏನಿದೆ ನೋಡ್ಕೊಳ್ಳಿ

ತುಂಬಾ ಜನ ಈ ಹಂತ ಬಿಟ್ಟೇಬಿಡ್ತಾರೆ, ಅದೇ ನನಗೆ ಬೇಜಾರು. ನಿಮ್ಮ ಹತ್ರ ಬಿಪಿಎಲ್ ರೇಷನ್ ಕಾರ್ಡ್ ಇದ್ರೆ ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ ಇಡೀ ಕುಟುಂಬಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಇದೆ, ಒಂದು ಪೈಸೆ ಪ್ರೀಮಿಯಂ ಇಲ್ಲ. ಎಪಿಎಲ್‌ನವರಿಗೂ ಇದೆ ಅನ್ನೋದು ಎಷ್ಟೋ ಜನಕ್ಕೆ ಗೊತ್ತೇ ಇಲ್ಲ: ಪ್ಯಾಕೇಜ್ ದರದ (ಆ ಚಿಕಿತ್ಸೆಗೆ ಯೋಜನೆಯಲ್ಲಿ ನಿಗದಿ ಮಾಡಿರೋ ದರ) ಶೇ 30ರಷ್ಟನ್ನ ಸರ್ಕಾರ ಕೊಡತ್ತೆ, ವರ್ಷಕ್ಕೆ ಕುಟುಂಬಕ್ಕೆ ಒಂದೂವರೆ ಲಕ್ಷದ ಮಿತಿ. ಇದನ್ನ ರಾಜ್ಯದಲ್ಲಿ ನೋಡ್ಕೊಳ್ಳೋದು ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್.

ಕಾರ್ಡ್ ಆಗಿದೆಯಾ ಅಂತ ನೋಡೋಕೆ ಫೋನಿಗೆ ಆಯುಷ್ಮಾನ್ ಆ್ಯಪ್ ಹಾಕ್ಕೊಳ್ಳಿ, ಇಲ್ಲಾ ರಾಷ್ಟ್ರೀಯ ಆರೋಗ್ಯ ಪ್ರಾಧಿಕಾರದ ಫಲಾನುಭವಿ ಪೋರ್ಟಲ್‌ಗೆ ಹೋಗಿ, ಮೊಬೈಲ್ ನಂಬರ್ ಹಾಕಿ ಓಟಿಪಿ ಕೊಟ್ಟು ಒಳಗೆ ಹೋದ್ಮೇಲೆ ರಾಜ್ಯ, ಜಿಲ್ಲೆ ಆರಿಸಿ ಆಧಾರ್ ಹಾಕಿ ಹುಡುಕಬಹುದು. ಆಗ್ಲಿಲ್ಲ ಅಂದ್ರೆ ತಲೆ ಕೆಡಿಸ್ಕೋಬೇಡಿ, ಆಧಾರ್ ಮತ್ತು ರೇಷನ್ ಕಾರ್ಡ್ ಹಿಡ್ಕೊಂಡು ಹತ್ತಿರದ ಗ್ರಾಮ ಒನ್‌ಗೋ ಕರ್ನಾಟಕ ಒನ್‌ಗೋ ಹೋಗಿ. ಫೋನಲ್ಲಿ ಕೇಳೋದಾದ್ರೆ 14555, ಇಲ್ಲಾ ನಮ್ಮ ರಾಜ್ಯದ 104. ಒಂದು ಮಾತು ನೆನಪಿರಲಿ: ಎಮರ್ಜೆನ್ಸಿ ಬಿಟ್ರೆ ಮೊದಲು ಸರ್ಕಾರಿ ಆಸ್ಪತ್ರೆಗೇ ಹೋಗಬೇಕು, ಅಲ್ಲಿ ಆ ಚಿಕಿತ್ಸೆ ಇಲ್ಲ ಅಂದ್ರೆ ಅವರೇ ರೆಫರಲ್ ಬರೆದು ನೋಂದಾಯಿತ ಖಾಸಗಿ ಆಸ್ಪತ್ರೆಗೆ ಕಳಿಸ್ತಾರೆ. ರೆಫರಲ್ ಇಲ್ದೆ ನೇರವಾಗಿ ಖಾಸಗಿಗೆ ಹೋಗಿ ಅಡ್ಮಿಟ್ ಆಗಿ ಆಮೇಲೆ ಕಾರ್ಡ್ ತೋರಿಸಿದ್ರೆ ಕೆಲಸ ಆಗಲ್ಲ.

ಹಾಲಿನ ಡೇರಿಯಲ್ಲೋ ಬೇರೆ ಸಹಕಾರ ಸಂಘದಲ್ಲೋ ಮೆಂಬರ್ ಆಗಿದ್ದೀರಾ? ಹಾಗಾದ್ರೆ ಸಹಕಾರ ಸಂಘದವರಿಗಾಗಿ ರಾಜ್ಯ ಸರ್ಕಾರ ನಡೆಸೋ ಯಶಸ್ವಿನಿ ಯೋಜನೆ ಬಗ್ಗೆ ಕೇಳಿ. 2003ರಲ್ಲಿ ಶುರುವಾಗಿ, ಮಧ್ಯೆ ನಿಂತು, ಈಗ ಮತ್ತೆ ನಡೀತಿದೆ. ಮತ್ತೆ ಶುರು ಮಾಡಿದಾಗ ಹಳ್ಳಿಯವರಿಗೆ ನಾಲ್ಕು ಜನರ ಕುಟುಂಬಕ್ಕೆ ವರ್ಷಕ್ಕೆ 500 ರೂಪಾಯಿ, ಪಟ್ಟಣದವರಿಗೆ 1,000, ಮಿತಿ 5 ಲಕ್ಷ ಅಂತ ಇಟ್ರು. ನೋಂದಣಿ ವರ್ಷಪೂರ್ತಿ ತೆರೆದಿರಲ್ಲ, ಅದಕ್ಕೇ ಸಂಘದ ಕಾರ್ಯದರ್ಶಿ ಹತ್ರ ಈಗಲೇ ತಾರೀಖು ಕೇಳಿಟ್ಕೊಳ್ಳಿ. ಇನ್ನು ಗಾರ್ಮೆಂಟ್ಸ್, ಸೆಕ್ಯುರಿಟಿ, ಅಂಗಡಿ ಕೆಲಸದಲ್ಲಿದ್ದು ತಿಂಗಳ ಸಂಬಳ 21,000ದ ಒಳಗಿದ್ರೆ ಪೇ ಸ್ಲಿಪ್‌ನಲ್ಲಿ ಇಎಸ್‌ಐ (ನೌಕರರ ರಾಜ್ಯ ವಿಮೆ) ಕಟ್ ಆಗ್ತಿದೆಯಾ ನೋಡಿ, ಆಗ್ತಿದ್ರೆ ನಿಮಗೂ ಮನೆಯವರಿಗೂ ಚಿಕಿತ್ಸೆ ಇದ್ದೇ ಇದೆ.

ಇದೆಲ್ಲ ನೋಡಿಯೂ ಸಾಕಾಗಲ್ಲ ಅನ್ನಿಸಿದ್ರೆ ಆಗ ದುಡ್ಡು ಕೊಟ್ಟು ತಗೊಳ್ಳೋ ಪಾಲಿಸಿ ಕಡೆ ಬನ್ನಿ.

ವೆಬ್‌ಸೈಟ್ ತೆರೆಯೋಕೆ ಮುಂಚೆ ಒಂದು ಚೀಟಿ

ಒಂದು ಹಾಳೆ ತಗೊಂಡು ಮನೇಲಿರೋರ ವಯಸ್ಸು, ಯಾರಿಗೆ ಶುಗರ್, ಯಾರಿಗೆ ಬಿಪಿ, ಯಾರಿಗೆ ಹಿಂದೆ ಆಪರೇಷನ್ ಆಗಿದೆ ಅಂತ ಬರೀರಿ. ಅದರ ಕೆಳಗೆ ನಿಜವಾಗ್ಲೂ ಕಷ್ಟ ಬಂದ್ರೆ ನೀವು ಓಡೋ ಎರಡು ಮೂರು ಆಸ್ಪತ್ರೆ ಹೆಸರು ಬರೀರಿ, ಆ ಆಸ್ಪತ್ರೆಗಳಿಗೆ ಫೋನ್ ಮಾಡಿ ಟ್ವಿನ್ ಶೇರಿಂಗ್ ರೂಮ್ ದಿನಕ್ಕೆ ಎಷ್ಟು, ಸಿಂಗಲ್ ರೂಮ್ ಎಷ್ಟು ಅಂತ ಕೇಳಿ ಬರ್ಕೊಳ್ಳಿ. ಐದು ನಿಮಿಷದ ಕೆಲಸ. ನಮ್ಮತ್ತೆ ಪಾಲಿಸಿ ತಗೊಳ್ಳುವಾಗ ಈ ಒಂದು ಫೋನ್ ಮಾಡಿದ್ರೆ 57,000 ಉಳೀತಿತ್ತು.

ವಯಸ್ಸಾದ ಅಪ್ಪ ಅಮ್ಮನ್ನ ನಿಮ್ಮ ಫ್ಯಾಮಿಲಿ ಫ್ಲೋಟರ್‌ಗೆ (ಇಡೀ ಮನೆಗೆ ಒಂದೇ ಮೊತ್ತ ಹಂಚ್ಕೊಳ್ಳೋ ಪಾಲಿಸಿಗೆ) ಸೇರಿಸ್ಬೇಡಿ ಅನ್ನೋದು ನನ್ನ ಅಭಿಪ್ರಾಯ. ಫ್ಲೋಟರ್‌ನಲ್ಲಿ ಪ್ರೀಮಿಯಂ ಸಾಮಾನ್ಯವಾಗಿ ಮನೆಯಲ್ಲಿ ಎಲ್ಲರಿಗಿಂತ ದೊಡ್ಡವರ ವಯಸ್ಸಿನ ಮೇಲೆ ನಿಲ್ಲತ್ತೆ, ಅವರಿಗೆ ಬೇರೆ ಪಾಲಿಸಿ ಮಾಡಿಸಿದ್ರೆ ಒಟ್ಟು ಲೆಕ್ಕ ಹೆಚ್ಚುಕಮ್ಮಿ ಹಗುರ ಆಗತ್ತೆ. ಎರಡೂ ಥರ ಹಾಕಿ ನೋಡಿ, ವೆಬ್‌ಸೈಟ್ ಇರೋದೇ ಅದಕ್ಕೆ.

ಈಗ ಹೋಲಿಕೆ ಮಾಡಿ

ಹೋಲಿಕೆ ಮಾಡೋ ವೆಬ್‌ಸೈಟ್‌ಗಳು ಐಆರ್‌ಡಿಎಐ, ಅಂದ್ರೆ ವಿಮಾ ನಿಯಂತ್ರಣ ಪ್ರಾಧಿಕಾರದ ಲೈಸೆನ್ಸ್ ಇರೋ ಬ್ರೋಕರ್ ಅಥವಾ ವೆಬ್ ಅಗ್ರಿಗೇಟರ್ ಆಗಿರಬೇಕು. ಪುಟದ ತಳದಲ್ಲಿ ನೋಂದಣಿ ನಂಬರ್ ಇರತ್ತೆ, ಪ್ರಾಧಿಕಾರದ ಸೈಟ್‌ನಲ್ಲಿರೋ ಪಟ್ಟಿ ಜೊತೆ ತಾಳೆ ನೋಡಿ. ಮೊಬೈಲ್ ನಂಬರ್ ಕೊಟ್ಟ ತಕ್ಷಣ ಕಾಲ್ ಮೇಲೆ ಕಾಲ್ ಬರತ್ತೆ, ಅವಸರ ಮಾಡ್ತಾರೆ, "ಇವತ್ತೇ ಲಾಸ್ಟ್ ಡೇ ಮೇಡಂ" ಅಂತಾರೆ, ಅವಸರ ಮಾಡೋರ ಹತ್ರ ತಗೋಬೇಡಿ ಅಷ್ಟೇ. ಪ್ರಾಧಿಕಾರದಿಂದಲೇ ಮಾತಾಡ್ತಿದ್ದೀವಿ, ಬೋನಸ್ ಬಂದಿದೆ ಅಂತ ಯಾರಾದ್ರೂ ಫೋನ್ ಮಾಡಿದ್ರೆ ಅದು ಪಕ್ಕಾ ಮೋಸ, ಪ್ರಾಧಿಕಾರ ಪಾಲಿಸಿ ಮಾರಲ್ಲ. ಎಲ್ಲಾ ಕಂಪನಿಗಳೂ ಒಂದೇ ಕಡೆ ಸಿಗೋ ಹಾಗೆ ಬಿಮಾ ಸುಗಮ್ ಅನ್ನೋ ವೇದಿಕೆ ತರ್ತಿದ್ದಾರೆ, 2025ರ ಸೆಪ್ಟೆಂಬರ್‌ನಲ್ಲಿ ಅದರ ವೆಬ್‌ಸೈಟ್ ಬಂತು, ಕೊಳ್ಳೋ ಸೌಲಭ್ಯ ಹಂತಹಂತವಾಗಿ ಅಂದಿದ್ದಾರೆ.

ಹೋಲಿಸೋಕೆ ಒಂದು ಅಳತೆಗೋಲು ಬೇಕಲ್ವಾ, ಅದಕ್ಕೆ ಆರೋಗ್ಯ ಸಂಜೀವನಿ ಪಾಲಿಸಿ ಇಟ್ಕೊಳ್ಳಿ. 2020ರ ಏಪ್ರಿಲ್‌ನಿಂದ ಪ್ರಾಧಿಕಾರ ಕಡ್ಡಾಯ ಮಾಡಿರೋ ಸ್ಟ್ಯಾಂಡರ್ಡ್ ಪಾಲಿಸಿ ಇದು, ಯಾವ ಕಂಪನಿಯಲ್ಲಿ ತಗೊಂಡ್ರೂ ಷರತ್ತು ಒಂದೇ, ಪ್ರೀಮಿಯಂ ಮಾತ್ರ ಬೇರೆ ಬೇರೆ. (ರಾಜ್ಯ ಸರ್ಕಾರಿ ನೌಕರರ ಆರೋಗ್ಯ ಸಂಜೀವಿನಿ ಯೋಜನೆ ಬೇರೆ, ಹೆಸರು ನೋಡಿ ಗಲಿಬಿಲಿ ಬೇಡ.) ಇದರಲ್ಲಿ ಶೇ 5 ಕೋ-ಪೇ ಇದೆ, ರೂಮ್ ಬಾಡಿಗೆ ವಿಮಾ ಮೊತ್ತದ ಶೇ 2, ಆದ್ರೆ ದಿನಕ್ಕೆ 5,000 ದಾಟೋ ಹಾಗಿಲ್ಲ, ಐಸಿಯುಗೆ ಶೇ 5, ದಿನಕ್ಕೆ 10,000 ದಾಟೋ ಹಾಗಿಲ್ಲ. ಅಂದ್ರೆ ಎರಡು ಲಕ್ಷದ ಪಾಲಿಸಿಗೆ ರೂಮ್ ಮಿತಿ 4,000. ಐದು ಲಕ್ಷದ್ದಕ್ಕೆ ಹತ್ತು ಸಾವಿರ ಅಂತ ಅಂದ್ಕೊಂಡ್ರೆ ತಪ್ಪು, ಅದಕ್ಕೂ 5,000ವೇ. ಊರಿನ ನರ್ಸಿಂಗ್ ಹೋಮ್‌ಗೆ ಇದು ಸಾಕು, ಬೆಂಗಳೂರಿನ ದೊಡ್ಡ ಆಸ್ಪತ್ರೆಗೆ ಸಾಲದು.

ಈ ಸಂಜೀವನಿ ಪ್ರೀಮಿಯಂ ಪಕ್ಕದಲ್ಲಿ ಬೇರೆ ಪಾಲಿಸಿ ಇಟ್ಟು, ಫಿಲ್ಟರ್‌ನಲ್ಲಿ "ರೂಮ್ ಮಿತಿ ಇಲ್ಲ", "ಕೋ-ಪೇ ಇಲ್ಲ" ಎರಡನ್ನೂ ಟಿಕ್ ಮಾಡಿ. ವರ್ಷಕ್ಕೆ ಎಷ್ಟು ಜಾಸ್ತಿ ಆಗತ್ತೆ ಅಂತ ನೋಡಿ, ನಿಮ್ಮ ಚೀಟಿಯಲ್ಲಿರೋ ಆಸ್ಪತ್ರೆಯ ರೂಮ್ ಬಾಡಿಗೆ ಇಟ್ಕೊಂಡು ಮೇಲೆ ನಾನು ಹೇಳಿದ ಲೆಕ್ಕವನ್ನೇ ಮಾಡಿ. ಯಾವುದು ಅಗ್ಗ ಅಂತ ಆಗ ಗೊತ್ತಾಗತ್ತೆ.

ಪಿನ್‌ಕೋಡ್ ಹಾಕೋವಾಗ ಹುಷಾರು. ಕೆಲವು ಕಂಪನಿಗಳು ಊರುಗಳನ್ನ ವಲಯ ಮಾಡಿರ್ತಾರೆ, ಸಣ್ಣ ಊರಿಗೆ ಪ್ರೀಮಿಯಂ ಕಡಿಮೆ, ಆದ್ರೆ ಆ ಪಾಲಿಸಿ ಇಟ್ಕೊಂಡು ಮೆಟ್ರೋ ನಗರದಲ್ಲಿ ಚಿಕಿತ್ಸೆ ತಗೊಂಡ್ರೆ ಒಂದಷ್ಟು ಪಾಲು ನೀವೇ ಕೊಡಬೇಕು. ಹಾಸನ, ಚಿತ್ರದುರ್ಗದ ಕಡೆಯವರು ಹಾರ್ಟಿಗೋ ಕ್ಯಾನ್ಸರಿಗೋ ಕೊನೆಗೆ ಬರೋದು ಬೆಂಗಳೂರಿಗೇ ತಾನೇ, ಆ ಷರತ್ತು ಇದೆಯಾ ಅಂತ ಕೇಳಿಯೇ ಮುಂದುವರೀರಿ.

ದೊಡ್ಡ ಮೊತ್ತ ಬೇಕು ದುಡ್ಡು ಕಡಿಮೆ ಇದೆ ಅಂದ್ರೆ ಐದು ಲಕ್ಷದ ಮೂಲ ಪಾಲಿಸಿ ಮೇಲೆ ಸೂಪರ್ ಟಾಪ್-ಅಪ್, ಅಂದ್ರೆ ಆ ಮೊತ್ತ ದಾಟಿದ ಮೇಲಿನ ಬಿಲ್ ಕೊಡೋ ಹೆಚ್ಚುವರಿ ಪಾಲಿಸಿ ಹಾಕ್ಸಿ. ಬರೀ ಟಾಪ್-ಅಪ್ ಅಲ್ಲ, ಸೂಪರ್. ಟಾಪ್-ಅಪ್ ಆದ್ರೆ ಒಂದೇ ಸಲದ ಬಿಲ್ ಐದು ಲಕ್ಷ ದಾಟಬೇಕು, ಸೂಪರ್‌ನಲ್ಲಿ ವರ್ಷದ ಎಲ್ಲಾ ಬಿಲ್ ಕೂಡಿಸಿ ದಾಟಿದ್ರೆ ಸಾಕು.

ಜಾಹೀರಾತಿನ ಶೇಕಡಾವಾರು ನೋಡಿ ಮರುಳಾಗ್ಬೇಡಿ. ಇಷ್ಟು ಕ್ಲೇಮ್ ಪಾಸ್ ಮಾಡಿದ್ದೀವಿ ಅನ್ನೋ ಲೆಕ್ಕದಲ್ಲಿ ಅರ್ಧ ದುಡ್ಡು ಕೊಟ್ಟಿದ್ದೂ ಪಾಸ್ ಅಂತಲೇ ಸೇರಿರತ್ತೆ. ಹಾಗೆ ನೋಡಿದ್ರೆ ನಮ್ಮತ್ತೆ ಕ್ಲೇಮೂ ಪಾಸೇ. ಜಿಎಸ್‌ಟಿ ವಿಷಯ ಬಂದ್ರೆ, 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಮತ್ತು ಕುಟುಂಬದ ಹೆಲ್ತ್ ಪಾಲಿಸಿಗೆ ಅದು ಇಲ್ಲ, ಯಾರಾದ್ರೂ ಹಳೇ ಶೇ 18 ಸೇರಿಸಿ ಹೇಳಿದ್ರೆ ಕೇಳಿ.

ಫಾರ್ಮ್ ತುಂಬೋವಾಗ

ಇಲ್ಲಿ ಮಾತ್ರ ಬೇರೆಯವರ ಕೈಗೆ ಫೋನ್ ಕೊಡ್ಬೇಡಿ. ನಮ್ಮ ಪಕ್ಕದ್ಮನೆ ಅಂಕಲ್‌ಗೆ ಹತ್ತು ವರ್ಷದಿಂದ ಬಿಪಿ ಮಾತ್ರೆ, ಫಾರ್ಮ್ ತುಂಬಿದವರು "ಹಾಕಿದ್ರೆ ಪ್ರೀಮಿಯಂ ಜಾಸ್ತಿ ಆಗತ್ತೆ ಅಂಕಲ್, ಬಿಡಿ" ಅಂತ ಇಲ್ಲ ಅಂತ ಒತ್ತಿದ್ರು, ಎರಡನೇ ವರ್ಷ ಸ್ಟೆಂಟ್ ಹಾಕ್ಸಿದಾಗ ಆಸ್ಪತ್ರೆಯ ಹಳೇ ಚೀಟಿಯಲ್ಲೇ ಬಿಪಿ ಅಂತ ಇತ್ತು, ಕ್ಲೇಮ್ ಪೂರ್ತಿ ತಿರಸ್ಕಾರ. ನಿಜ ಹೇಳಿದ್ರೆ ಹೆಚ್ಚಂದ್ರೆ ಮೂರು ವರ್ಷ ಕಾಯಬೇಕು, ಮೊದಲೇ ಇರೋ ಕಾಯಿಲೆಗೆ ಕಾಯಿಸೋ ಅವಧಿ 36 ತಿಂಗಳು ಮೀರೋ ಹಾಗಿಲ್ಲ ಅಂತ 2024ರಿಂದ ನಿಯಮ ಇದೆ. ಐದು ವರ್ಷ ಬಿಡದೆ ಕಟ್ಟಿದ್ಮೇಲೆ ಮುಚ್ಚಿಟ್ರಿ ಅನ್ನೋ ನೆಪ ಒಡ್ಡೋಕೂ ಆಗಲ್ಲ, ಮೋಸ ಅಂತ ಸಾಬೀತು ಮಾಡಿದ್ರೆ ಮಾತ್ರ.

ಪಾಲಿಸಿ ಬಂದ್ಮೇಲೆ ಅದರ ಜೊತೆ ಗ್ರಾಹಕ ಮಾಹಿತಿ ಪತ್ರ ಅಂತ ಸಣ್ಣದೊಂದು ಬರತ್ತೆ, ಕೇಳಿದ್ರೆ ಕನ್ನಡದಲ್ಲೂ ಕೊಡಬೇಕು. ಕೇಳಿ, ನಾವು ಕೇಳದೆ ಅವರಾಗೇ ಕೊಡಲ್ಲ. ಕಾಯೋ ಅವಧಿ, ರೂಮ್ ಮಿತಿ, ಕೋ-ಪೇ, ಯಾವ ಕಾಯಿಲೆ ಇಲ್ಲ, ಎಲ್ಲಾ ಅದರಲ್ಲೇ ಇರತ್ತೆ. ವೆಬ್‌ಸೈಟಿನಲ್ಲಿ ನೋಡಿದ್ದಕ್ಕೂ ಇದಕ್ಕೂ ವ್ಯತ್ಯಾಸ ಇದ್ರೆ 30 ದಿನದೊಳಗೆ ವಾಪಸ್ ಕೊಡಬಹುದು.

ತಕರಾರು ಬಂದ್ರೆ

ಮೊದಲು ಕಂಪನಿಗೇ ಈಮೇಲ್‌ನಲ್ಲಿ ದೂರು ಕೊಡಿ, ಫೋನಲ್ಲಿ ಹೇಳಿದ್ದು ಲೆಕ್ಕಕ್ಕೆ ಬರಲ್ಲ. ಪ್ರಾಧಿಕಾರದ ಬಿಮಾ ಭರೋಸಾ ಪೋರ್ಟಲ್‌ನಲ್ಲೂ ಹಾಕಿ, ಫೋನಾದ್ರೆ 155255. ಒಂದು ತಿಂಗಳಾದ್ರೂ ಉತ್ತರ ಬರ್ಲಿಲ್ಲ, ಬಂದಿದ್ದು ಸಮಾಧಾನ ಇಲ್ಲ ಅಂದ್ರೆ ವಿಮೆ ದೂರುಗಳನ್ನ ತೀರ್ಮಾನ ಮಾಡೋ ವಿಮಾ ಓಂಬುಡ್ಸ್‌ಮನ್ ಇದ್ದಾರೆ, ನಮ್ಮ ರಾಜ್ಯದ ಕಚೇರಿ ಬೆಂಗಳೂರಿನಲ್ಲಿದೆ, ಅರ್ಜಿ ಆನ್‌ಲೈನ್‌ನಲ್ಲೇ ಹಾಕಬಹುದು, ವಕೀಲರು ಬೇಡ, ಫೀಸಿಲ್ಲ, 50 ಲಕ್ಷದವರೆಗಿನ ವ್ಯಾಜ್ಯ ತಗೊಳ್ತಾರೆ. ಕಂಪನಿ ಇಲ್ಲ ಅಂದ ದಿನದಿಂದ ಒಂದು ವರ್ಷದೊಳಗೆ ಹೋಗಬೇಕು.

ಆಸ್ಪತ್ರೆಯಲ್ಲೇ ಕೂತಿರೋವಾಗ ಬೇಕಾಗೋ ಎರಡು ಗಡುವು: ಕ್ಯಾಶ್‌ಲೆಸ್ (ಕಂಪನಿಯೇ ಆಸ್ಪತ್ರೆಗೆ ನೇರವಾಗಿ ದುಡ್ಡು ಕಟ್ಟೋ) ಕೋರಿಕೆಗೆ ಕಂಪನಿ ಒಂದು ಗಂಟೆಯೊಳಗೆ ಉತ್ತರ ಕೊಡಬೇಕು, ಡಿಸ್ಚಾರ್ಜ್ ಬಿಲ್‌ಗೆ ಮೂರು ಗಂಟೆಯೊಳಗೆ, ತಡ ಆಗಿ ಆಸ್ಪತ್ರೆ ಜಾಸ್ತಿ ದುಡ್ಡು ಹಾಕಿದ್ರೆ ಅದು ಕಂಪನಿ ಲೆಕ್ಕಕ್ಕೆ. ಪ್ರಾಧಿಕಾರದ 2024ರ ಮೇ ತಿಂಗಳ ಸುತ್ತೋಲೆಯಲ್ಲಿ ಹೀಗೆ ಬರೆದಿದೆ, ಕೌಂಟರ್‌ನಲ್ಲಿ ಆ ಸುತ್ತೋಲೆಯ ಹೆಸರು ಹೇಳಿ ಕೇಳಬಹುದು.

ನಮ್ಮತ್ತೆ ಮನೆಯ ಬೀರು ಬಾಗಿಲ ಒಳಗೆ ಈಗ ಒಂದು ಹಾಳೆ ಅಂಟಿಸಿದ್ದೀವಿ. ಪಾಲಿಸಿ ನಂಬರ್, ಕಂಪನಿಯ ಟೋಲ್ ಫ್ರೀ ನಂಬರ್, ನೆಟ್‌ವರ್ಕ್‌ನಲ್ಲಿರೋ (ಕಂಪನಿ ಜೊತೆ ಒಪ್ಪಂದ ಇರೋ) ಎರಡು ಆಸ್ಪತ್ರೆ, ರಿನ್ಯೂವಲ್ ತಾರೀಖು, ಮತ್ತೆ ಎಲ್ಲಕ್ಕಿಂತ ಮೇಲೆ ಕೆಂಪು ಸ್ಕೆಚ್ ಪೆನ್ನಲ್ಲಿ, ರೂಮ್ ದಿನಕ್ಕೆ 5,000 ಮಾತ್ರ.