ಹಳೇ ಕೆಂಪು ಮಾರುತಿಗೆ ಕಡಿಮೆ ಖರ್ಚಲ್ಲಿ ಹೊಳಪು ತಂದಿದ್ದು: ನನ್ನ ಅನುಭವ

ಕಲಬುರಗಿ ಬಿಸಿಲಲ್ಲಿ ಕೆಂಪು ಗಾಡಿ ಇಟ್ಟುಕೊಂಡವರಿಗೆ ಗೊತ್ತು, ಕೆಲವೇ ವರ್ಷದಲ್ಲಿ ಅದು ಗುಲಾಬಿ ಆಗಿಬಿಡುತ್ತದೆ. ನನ್ನದು 2006ರ ಮಾರುತಿ 800. ಬಾಗಿಲುಗಳ ಬಣ್ಣ ಪರವಾಗಿರಲಿಲ್ಲ. ಆದರೆ ಟಾಪ್ ಮತ್ತು ಡಿಕ್ಕಿ ಮೇಲೆ ಬೆರಳಾಡಿಸಿದರೆ ಸುಣ್ಣದ ಗೋಡೆ ಮುಟ್ಟಿದ ಹಾಗೆ ಪುಡಿ ಹತ್ತುತ್ತಿತ್ತು. ಇಂಜಿನ್ ಗಟ್ಟಿ ಇದೆ, 15 ವರ್ಷ ಮುಗಿದ ಮೇಲೆ ಆರ್‌ಸಿ ರಿನ್ಯೂವಲ್ ಕೂಡ ಮಾಡಿಸಿದ್ದೇನೆ, ಮಾರಿದರೆ ಬರುವ ದುಡ್ಡಲ್ಲಿ ಒಳ್ಳೇ ಬೈಕೂ ಬರುವುದಿಲ್ಲ. ಫುಲ್ ಪೇಂಟಿಂಗ್‌ಗೆ ಕೇಳಿದರೆ ಒಂದು ಗ್ಯಾರೇಜಲ್ಲಿ 28,000 ಅಂದರು. ಅಷ್ಟು ಹಾಕೋದಕ್ಕೆ ಮನಸ್ಸು ಬರಲಿಲ್ಲ.

ನಮ್ಮ ಓಣಿಯ ಹತ್ತಿರ ಡೆಂಟಿಂಗ್-ಪೇಂಟಿಂಗ್ ಮಾಡುವ ಒಬ್ಬ ಹಿರಿಯರಿದ್ದಾರೆ, ಎಲ್ಲರೂ ಉಸ್ತಾದ್ ಅಂತಾರೆ. ಗಾಡಿ ನೋಡಿದವರೇ ಹೆಬ್ಬೆರಳಿಂದ ಟಾಪ್ ಮೇಲೆ ಜೋರಾಗಿ ಒಂದು ಸಲ ತಿಕ್ಕಿದರು. ಅಷ್ಟು ಜಾಗ ಕಡುಗೆಂಪಾಯಿತು. "ಬಣ್ಣ ಸತ್ತಿಲ್ರೀ ಸರ, ಇನ್ನಾ ಜೀವ ಅದ. ಪೇಂಟಿಂಗ್ ಯಾಕ? ನೀವೇ ಮನ್ಯಾಗ ರಬ್ಬಿಂಗ್ ಮಾಡ್ಕೋರಿ. ಆದ್ರ ಭಾಳ ತಿಕ್ಕಬ್ಯಾಡ್ರಿ, ಹೋದ ಬಣ್ಣ ತಿರುಗಿ ಬರಂಗಿಲ್ಲ" ಅಂದರು. ನನ್ನ ಇಡೀ ಕೆಲಸ ಈ ಮಾತಿನ ಮೇಲೇ ನಡೆಯಿತು ಅಂದರೂ ತಪ್ಪಿಲ್ಲ.

ಯಾಕೆ ಅಂದರೆ ರಬ್ಬಿಂಗ್, ಪಾಲಿಶ್ ಅಂದರೆ ಮೇಲೆ ಏನೋ ಹಚ್ಚಿ ಹೊಳಪು ಕೂರಿಸುವುದು ಅಂತ ತುಂಬಾ ಜನ ತಿಳಿದಿದ್ದಾರೆ. ಅಸಲಿಗೆ ಅದು ತೆಗೆಯುವ ಕೆಲಸ. ಬಿಸಿಲಿಗೆ ಬಣ್ಣದ ಮೇಲ್ಪದರ ಸುಟ್ಟು ಪುಡಿಯಾಗಿರುತ್ತದೆ, ಬೆಳಕು ಅದರ ಮೇಲೆ ಬಿದ್ದು ಚೆದುರಿಹೋಗುತ್ತದೆ, ಅದಕ್ಕೇ ಮಂಕು. ಆ ಪದರ ತೆಗೆದು ನುಣುಪು ಮಾಡಿದರೆ ಒಳಗಿನ ಬಣ್ಣವೇ ಹೊಳೆಯುತ್ತದೆ. ಕಂಪನಿ ಬಣ್ಣದ ಒಟ್ಟು ದಪ್ಪ ಸುಮಾರು 100 ಮೈಕ್ರಾನ್ ಆಸುಪಾಸು, ಅಂದರೆ ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗ. ಅದರಲ್ಲಿ ಬಣ್ಣಕ್ಕೂ ಮುಂಚೆ ತಗಡಿಗೆ ಹೊಡೆಯುವ ಪ್ರೈಮರೂ ಸೇರಿದೆ. ಈ ಲೆಕ್ಕ ತಲೆಯಲ್ಲಿದ್ದರೆ ಕೈ ತಾನಾಗೇ ಹಗುರ ಆಗುತ್ತದೆ.

ಮೊದಲು ನೋಡಿಕೊಳ್ಳಬೇಕಾದದ್ದು, ಬಣ್ಣದ ಮೇಲೆ ಕ್ಲಿಯರ್ ಕೋಟ್, ಅಂದರೆ ಬಣ್ಣವಿಲ್ಲದ ಪಾರದರ್ಶಕ ಪದರ, ಇದೆಯೋ ಇಲ್ಲವೋ. ಬಿಳಿ ಬಟ್ಟೆಗೆ ಸ್ವಲ್ಪ ರಬ್ಬಿಂಗ್ ಕಂಪೌಂಡ್ (ಬಣ್ಣ ಉಜ್ಜುವ ಪೇಸ್ಟ್) ಹಚ್ಚಿ ಮೂಲೆಯಲ್ಲೊಂದು ಕಡೆ ತಿಕ್ಕಿ ನೋಡಿ. ನನ್ನ ಟಾಪ್ ಮೇಲೆ ತಿಕ್ಕಿದಾಗ ಬಟ್ಟೆ ಕೆಂಪಾಯಿತು, ಅಂದರೆ ಕ್ಲಿಯರ್ ಇಲ್ಲ, ನೇರ ಬಣ್ಣವೇ. ಬಾನೆಟ್ ಮೇಲೆ ತಿಕ್ಕಿದರೆ ಬಟ್ಟೆ ಬೆಳ್ಳಗೇ ಉಳಿಯಿತು! ನನಗಿಂತ ಮುಂಚೆ ಗಾಡಿ ಇಟ್ಟುಕೊಂಡವರು ಎಲ್ಲೋ ಗುದ್ದಿ ಬಾನೆಟ್‌ಗೆ ಹೊಸ ಪೇಂಟ್ ಹೊಡೆಸಿ ಮೇಲೆ ಕ್ಲಿಯರ್ ಹಾಕಿಸಿದ್ದಾರೆ ಅಂತ ಆವಾಗಲೇ ಗೊತ್ತಾಗಿದ್ದು. ಒಂದೇ ಗಾಡಿಯಲ್ಲಿ ಎರಡು ಥರದ ಬಣ್ಣ. ಸೆಕೆಂಡ್ ಹ್ಯಾಂಡ್ ಗಾಡಿ ತಗೊಳ್ಳುವಾಗಲೂ ಈ ಬಿಳಿ ಬಟ್ಟೆ ಉಪಾಯ ಮಾಡಬಹುದು, ಮಾರುವವರು ಬಿಟ್ಟರೆ.

ಕೆಲಸ ಶುರು ಮಾಡಿದ್ದು ಸಂಕ್ರಾಂತಿ ಕಳೆದ ಮೇಲೆ, ಬಿಸಿಲು ಏರುವ ಮುಂಚೆ. ಮೇ ತಿಂಗಳಲ್ಲಿ ಇಲ್ಲಿ 43 ಡಿಗ್ರಿ ದಾಟಿದಾಗ ತಗಡು ಮುಟ್ಟೋಕೂ ಆಗಲ್ಲ, ಕಂಪೌಂಡ್ ಹಚ್ಚಿದ ಕೂಡಲೇ ಒಣಗಿ ಕಲೆ ಕೂರುತ್ತದೆ. ಬೆಳಗ್ಗೆ, ನೆರಳಲ್ಲಿ, ತಗಡು ತಣ್ಣಗಿರುವಾಗ ಮಾತ್ರ ಮಾಡಿದೆ. ನೆರಳು ಅಂತ ಬೇವಿನ ಮರದ ಕೆಳಗೆ ನಿಲ್ಲಿಸಬೇಡಿ, ಹಕ್ಕಿ ಹಿಕ್ಕೆ, ಎಲೆ, ಅಂಟು ಎಲ್ಲ ಮೇಲೇ ಬೀಳುತ್ತೆ.

ತೊಳೆಯುವುದಕ್ಕೇ ಜಾಸ್ತಿ ಹೊತ್ತು ಹಿಡಿಯಿತು, ಹಿಡಿಯಲೇಬೇಕು. ನಮ್ಮ ಊರ ಧೂಳಲ್ಲಿ ಸಣ್ಣ ಮರಳು ಇರುತ್ತದೆ, ಅದು ಬಟ್ಟೆ ಕೆಳಗೆ ಸಿಕ್ಕಿದರೆ ಪಾಲಿಶ್ ಬದಲು ಗೀರು ಬೀಳುತ್ತದೆ. ಮೊದಲು ಪೈಪಿನಿಂದ ಬರೀ ನೀರು, ಆಮೇಲೆ ಕಾರ್ ಶಾಂಪೂ. ಎರಡು ಬಕೆಟ್ ಇಟ್ಟುಕೊಂಡೆ, ಒಂದರಲ್ಲಿ ಶಾಂಪೂ, ಇನ್ನೊಂದರಲ್ಲಿ ಬಟ್ಟೆ ಜಾಲಿಸೋಕೆ ಬರೀ ನೀರು. ಮೇಲಿಂದ ಕೆಳಕ್ಕೆ ಬರಬೇಕು, ಚಕ್ರದ ಹತ್ತಿರ ಮುಟ್ಟಿದ ಬಟ್ಟೆ ಮತ್ತೆ ಬಾನೆಟ್ ಮುಟ್ಟಬಾರದು. ನಮ್ಮ ಬೋರ್ ನೀರು ಸವಳು, ಒಣಗಿದರೆ ಬಿಳೀ ಚುಕ್ಕೆ. ಅದಕ್ಕೆ ಕೊನೆಯ ಸಲಕ್ಕೆ ಎಸಿಯಿಂದ ತೊಟ್ಟಿಕ್ಕುವ ನೀರು ಕ್ಯಾನಲ್ಲಿ ಹಿಡಿದಿಟ್ಟುಕೊಂಡು ಸುರಿದೆ. ಅದರಲ್ಲಿ ಉಪ್ಪಿನ ಅಂಶ ಇರಲ್ಲ, ಪುಕ್ಕಟೆ ಬೇರೆ. ಎಸಿ ಇಲ್ಲದವರು ಬೇಗ ಬೇಗ ಮೈಕ್ರೋಫೈಬರ್ ಬಟ್ಟೆಯಲ್ಲಿ ಒರೆಸಿಬಿಟ್ಟರೆ ಸಾಕು.

ನನ್ನ ಗಾಡಿ ಕೆಲಸದ ಮೇಲೆ ಸೇಡಂ ಕಡೆ ಓಡಾಡುತ್ತಿರುತ್ತದೆ. ಅಲ್ಲಿ ಸಿಮೆಂಟ್ ಕಾರ್ಖಾನೆಗಳ ಧೂಳು ಕೂತು, ರಾತ್ರಿ ಇಬ್ಬನಿ ಬಿದ್ದು, ಬೆಳಗ್ಗೆ ಬಿಸಿಲಿಗೆ ಗಟ್ಟಿಯಾಗುತ್ತದೆ. ತೊಳೆದ ಮೇಲೂ ಸಾಸಿವೆಗಿಂತ ಸಣ್ಣ ಬೂದು ಚುಕ್ಕೆಗಳು ಉಳಿದಿದ್ದವು. ಕಣ್ಣಿಗಿಂತ ಕೈಗೆ ಬೇಗ ಗೊತ್ತಾಗುತ್ತವೆ, ಕೈಗೆ ತೆಳು ಪ್ಲಾಸ್ಟಿಕ್ ಚೀಲ ಹಾಕಿಕೊಂಡು ಸವರಿದರೆ ಇನ್ನೂ ಚೆನ್ನಾಗಿ ತಿಳಿಯುತ್ತದೆ. ಅವನ್ನು ಉಗುರಲ್ಲಿ ಕೆರೆಯಬೇಡಿ. ಬಿಳೀ ವಿನೆಗರ್‌ಗೆ ಅಷ್ಟೇ ನೀರು ಬೆರೆಸಿ, ಬಟ್ಟೆ ನೆನೆಸಿ ಚುಕ್ಕೆ ಮೇಲೆ ಸ್ವಲ್ಪ ಹೊತ್ತು ಇಟ್ಟೆ, ಸುಣ್ಣದಂಶ ಹುಳಿಗೆ ಕರಗುತ್ತೆ ಅಲ್ವಾ, ಮೆತ್ತಗಾಗಿ ಬಂದವು. ಕೂಡಲೇ ಚೆನ್ನಾಗಿ ತೊಳೆದೆ. ಉಳಿದದ್ದಕ್ಕೆ ಕ್ಲೇ ಬಾರ್, ಅಂದರೆ ಅಂಟಿದ ಕೊಳೆ ಎಳೆದುಕೊಳ್ಳುವ ಮೆತ್ತನೆ ಮಣ್ಣಿನಂಥ ತುಂಡು. ಶಾಂಪೂ ನೀರು ಸಿಂಪಡಿಸುತ್ತಾ ಒತ್ತದೆ ಜಾರಿಸಬೇಕು. ಕೆಳಗೆ ಬಿದ್ದರೆ ಆ ತುಂಡು ಬಿಸಾಡಿ, ಜಿಪುಣತನ ಬೇಡ, ಮರಳು ಅಂಟಿರುತ್ತೆ. ರಸ್ತೆಯ ಡಾಂಬರು ಚುಕ್ಕೆಗೆ ಸ್ವಲ್ಪ ಸೀಮೆಎಣ್ಣೆ ಸಾಕು, ಆಮೇಲೆ ಮತ್ತೆ ಶಾಂಪೂ.

ಇನ್ನು ರಬ್ಬಿಂಗ್. ರಬ್ಬರ್ ಬೀಡಿಂಗ್, ಕಪ್ಪು ಪ್ಲಾಸ್ಟಿಕ್, ತಗಡಿನ ಅಂಚುಗಳಿಗೆಲ್ಲ ಮಾಸ್ಕಿಂಗ್ ಟೇಪ್ ಹಚ್ಚಿದೆ. ಅಂಚಿನಲ್ಲಿ ಬಣ್ಣ ತೆಳ್ಳಗಿರುತ್ತದೆ, ಅಲ್ಲೇ ಬೇಗ ಪ್ರೈಮರ್ ಕಾಣೋದು. ನಮ್ಮೂರ ಸೂಪರ್ ಮಾರ್ಕೆಟ್ ಅನ್ನೋ ಪೇಟೆ ಕಡೆ ಪೇಂಟ್ ಅಂಗಡಿಯಲ್ಲಿ ಎರಡು ಥರ ಕಂಪೌಂಡ್ ಸಿಕ್ಕವು, ಒರಟು ಮತ್ತು ನುಣುಪು. ಎಲ್ಲರೂ ಒರಟಿನಿಂದ ಶುರು ಮಾಡ್ತಾರೆ. ನಾನು ಮೊದಲು ನುಣುಪು ಹಚ್ಚಿ ನೋಡಿದೆ. ಬಾಗಿಲುಗಳಿಗೆ ಅದೇ ಸಾಕಾಯಿತು, ಒರಟು ಬೇಕಾಗಿದ್ದು ಟಾಪ್ ಮತ್ತು ಡಿಕ್ಕಿಗೆ ಮಾತ್ರ. ಫೋಮ್ ಪ್ಯಾಡಿನ ಮೇಲೆ ತೊಗರಿ ಕಾಳಿನಷ್ಟು ನಾಲ್ಕು ಚುಕ್ಕೆ, ಒಂದು ಸಲಕ್ಕೆ ಒಂದಡಿ ಉದ್ದ ಒಂದಡಿ ಅಗಲದ ಜಾಗ. ಹಿಂದೆ-ಮುಂದೆ, ಆಮೇಲೆ ಅಡ್ಡಡ್ಡ. ಟಾಪ್‌ಗೆ ಡ್ರಿಲ್ ಮಷೀನಿಗೆ ಪ್ಯಾಡ್ ಹಾಕಿ ನಿಧಾನ ಸ್ಪೀಡಲ್ಲಿ ಓಡಿಸಿದೆ. ಒಂದೇ ಕಡೆ ನಿಲ್ಲಿಸಿದರೆ ಬಿಸಿಯಾಗಿ ಬಣ್ಣ ಸುಡುತ್ತೆ, ಅದಕ್ಕೇ ಒಂದು ಕೈ ತಗಡಿನ ಮೇಲೆ ಇಟ್ಟುಕೊಂಡೇ ಇದ್ದೆ. ಪ್ಯಾಡು ಕೆಂಪು ಕೆಂಪಾಗಿ, ಕುಂಕುಮದ ಬಟ್ಟಲಲ್ಲಿ ಅದ್ದಿ ತೆಗೆದಂತಿತ್ತು. ಒರೆಸಿದ ಜಾಗಕ್ಕೂ ಪಕ್ಕದ ಜಾಗಕ್ಕೂ ನಡುವೆ ಗೆರೆ ಎಳೆದಷ್ಟು ವ್ಯತ್ಯಾಸ. ಮಗಳು ನೋಡಿ "ಅಪ್ಪಾ, ಅರ್ಧಾ ಹೊಸಾ ಗಾಡಿ, ಅರ್ಧಾ ಹಳೀ ಗಾಡಿ" ಅಂತ ಫೋಟೋ ತೆಗೆದು ಎಲ್ಲರಿಗೂ ಕಳಿಸಿದಳು.

ಉಗುರು ಸಿಕ್ಕಿಕೊಳ್ಳುವ ಗೀರುಗಳನ್ನು ಹಾಗೇ ಬಿಟ್ಟೆ. ಅವು ಹೋಗುವ ತನಕ ತಿಕ್ಕಿದರೆ ಬಣ್ಣವೇ ಹೋಗುತ್ತದೆ. ಬಾನೆಟ್‌ನ ಒಂದು ಮೂಲೆಯಲ್ಲಿ ಕ್ಲಿಯರ್ ಸಿಪ್ಪೆ ಎದ್ದಿದೆ. ಅದಕ್ಕೆ ಯಾವ ಪಾಲಿಶೂ ಇಲ್ಲ, ಎಷ್ಟು ದುಡ್ಡಿನ ಡಬ್ಬ ತಂದರೂ ಅಷ್ಟೇ, ಮತ್ತೆ ಪೇಂಟೇ ಹೊಡೆಸಬೇಕು. ಇರಲಿ ಅಂತ ಬಿಟ್ಟಿದ್ದೇನೆ.

ಹೆಡ್‌ಲೈಟ್‌ಗೆ ಟೂತ್‌ಪೇಸ್ಟ್ ಹಚ್ಚಿ ಅಂತ ಹೇಳೋರಿಗೆ ಏನೂ ಕಡಿಮೆ ಇಲ್ಲ. ನನ್ನ 800ರದು ಗಾಜು, ತೊಳೆದರೆ ಮುಗಿಯಿತು. ಭಾವನ ಗಾಡಿಯದು ಪ್ಲಾಸ್ಟಿಕ್, ಹಳದಿ ತಿರುಗಿತ್ತು. ಅದಕ್ಕೆ 1000, 1500, 2000 ನಂಬರ್ ವಾಟರ್ ಪೇಪರ್ (ನುಣುಪು ಸ್ಯಾಂಡ್‌ಪೇಪರ್) ನೀರು ಹಾಕುತ್ತಾ ತಿಕ್ಕಿ, ಮೇಲೆ ಉಳಿದ ಕಂಪೌಂಡ್ ಹೊಡೆದೆ, ತಿಳಿಯಾಯಿತು.

ರಬ್ಬಿಂಗ್ ಆದ ಬಣ್ಣ ಬರಿಮೈಯಲ್ಲಿ ಇರುತ್ತೆ, ವ್ಯಾಕ್ಸ್ ಹಚ್ಚದೆ ಬಿಟ್ಟರೆ ಒಂದೇ ಬೇಸಿಗೆಗೆ ಮತ್ತೆ ಮಂಕು. ತೆಳ್ಳಗೆ ಹಚ್ಚಿ, ಮಬ್ಬಾಗುವ ತನಕ ಬಿಟ್ಟು, ಒಣ ಮೈಕ್ರೋಫೈಬರಲ್ಲಿ ಒರೆಸುವುದು, ಅಷ್ಟೇ. ಇಲ್ಲಿನ ಬಿಸಿಲಿಗೆ ವ್ಯಾಕ್ಸ್ ಡಬ್ಬದ ಮೇಲೆ ಬರೆದಷ್ಟು ದಿನ ನಿಲ್ಲುವುದಿಲ್ಲ. ಹಾಗಾಗಿ ಮಾರ್ಚ್ ಹೊತ್ತಿಗೆ ಮೇಲೊಂದು ಸ್ಪ್ರೇ ಸೀಲೆಂಟ್, ಅಂದರೆ ಬಣ್ಣದ ಮೇಲೆ ರಕ್ಷಣೆಯ ಪದರ ಕೂರಿಸುವ ದ್ರವ, ಹೊಡೆದೆ. ನೀರು ಹಾಕಿದರೆ ಹನಿ ಹನಿಯಾಗಿ ಉರುಳಿದರೆ ಇನ್ನೂ ಇದೆ ಅಂತ, ಹಾಳೆಯಾಗಿ ಹರಡಿದರೆ ಮತ್ತೆ ಹಚ್ಚೋ ಹೊತ್ತಾಯಿತು ಅಂತ. ಬೆಳಗ್ಗೆ ಒಣ ಬಟ್ಟೆಯಲ್ಲಿ ಧೂಳು ಕೊಡವುವ ಅಭ್ಯಾಸ ಮನೆಯಲ್ಲಿ ಎಲ್ಲರಿಗೂ ಬಿಡಿಸಿದ್ದೇನೆ, ಬಿಸಿಲಲ್ಲಿ ಕಾಣುವ ಆ ದುಂಡು ದುಂಡು ಗೆರೆಗಳೆಲ್ಲ ಅದರದ್ದೇ ಕಾಣಿಕೆ. ಡೀಸೆಲ್ ಬಟ್ಟೆಯಲ್ಲಿ ಒರೆಸುವುದೂ ಬೇಡ, ಎರಡು ದಿನ ಮಿಂಚುತ್ತೆ, ಆಮೇಲೆ ಊರ ಧೂಳೆಲ್ಲ ಅದಕ್ಕೇ ಅಂಟುತ್ತೆ.

ಶಾಂಪೂ, ಕ್ಲೇ, ಎರಡು ಕಂಪೌಂಡ್, ಪ್ಯಾಡ್, ಟೇಪ್, ಬಟ್ಟೆಗಳು, ವ್ಯಾಕ್ಸ್, ಸೀಲೆಂಟ್ ಎಲ್ಲ ಸೇರಿ 2,500 ರೂಪಾಯಿ ಒಳಗೇ ಮುಗಿಯಿತು, ಡ್ರಿಲ್ ಮನೆಯಲ್ಲೇ ಇತ್ತು. ಕಂಪೌಂಡ್ ಅರ್ಧಕ್ಕಿಂತ ಜಾಸ್ತಿ ಉಳಿದಿದೆ. ಅದು ಕಪಾಟಲ್ಲೇ ಇರಲಿ, ಮುಂದಿನ ವರ್ಷ ಶಾಂಪೂ ಮತ್ತು ಸೀಲೆಂಟ್ ಅಷ್ಟೇ ಮಾಡುವವನಿದ್ದೇನೆ.