ಮೊಟ್ಟೆ ಹಳದಿ ಹಾಕಿ ಬೆಟ್ಟಾ ಮರಿ ಕಳ್ಕೊಂಡೆ, ಆಮೇಲೆ ಕಲಿತೆ

ಬೆಟ್ಟಾ (ಟ್ಯಾಂಕಲ್ಲಿ ಸಾಕೋ ಫೈಟರ್ ಮೀನು) ಹತ್ರ ಮೊಟ್ಟೆ ಇಡ್ಸೋದೇನ್ ದೊಡ್ಡ ವಿಷ್ಯ ಅಲ್ಲ, ಮರಿ ಉಳಿಸ್ಕೊಳೋದ್ರಲ್ಲೇ ಇರೋದು ಕಷ್ಟ. ನನ್ನ ಮೊದಲ್ನೇ ಬ್ಯಾಚ್ ಪೂರ್ತಿ ಹೋಯ್ತು, ಅದೂ ನನ್ನ ಕೈಯಾರೆ. ಮರಿ ಒಡೆದ ದಿನಾನೇ ಹಸಿವಾಗಿರುತ್ತೆ ಅಂತ ಬೇಯ್ಸಿದ ಮೊಟ್ಟೆ ಹಳದಿನ ಬಟ್ಟೇಲಿ ಕಟ್ಟಿ ನೀರಲ್ಲಿ ಹಿಂಡಿದೆ, ಹಾಲು ಬಿಟ್ಟಂಗೆ ಹರಡ್ತು, ನಂಗೋ ಖುಷಿ, ಬೆಳಿಗ್ಗೆ ನೋಡಿದ್ರೆ ತಳದಲ್ಲಿ ಬೆಳ್ಳಗೆ ಲೋಳೆ ಕೂತಿದೆ, ಗಬ್ಬು ವಾಸ್ನೆ, ಒಂದು ಮರೀನೂ ಅಲ್ಲಾಡ್ತಿಲ್ಲ.

ಅಸಲಿಗೆ ಆಗ ಊಟಾನೇ ಬೇಡ. 28 ಡಿಗ್ರಿ ನೀರಲ್ಲಿ ಒಂದೂವರೆ ದಿನಕ್ಕೆ ಒಡೆದು, ಗಂಡು ಮೀನು ನೀರಿನ ಮೇಲೆ ಕಟ್ಟಿರೋ ಗುಳ್ಳೆ ಗೂಡಿಂದ ಬಾಲ ಕೆಳಗೆ ಮಾಡ್ಕೊಂಡು ನೇತಾಡ್ತಿರ್ತಾವೆ, ಬಿದ್ದಿದ್ದನ್ನ ಅಪ್ಪ ಬಾಯಲ್ಲಿ ಎತ್ಕೊಂಡೋಗಿ ಮತ್ತೆ ಅಂಟಿಸ್ತಾನೆ (ಅಮ್ಮನ್ನ ಮೊಟ್ಟೆ ಇಟ್ಟ ತಕ್ಷಣ ತೆಗಿಬೇಕು, ಬಿಟ್ರೆ ತಿಂದ್ಬಿಡ್ತಾಳೆ). ಎರಡ್ಮೂರು ದಿನ ಹೊಟ್ಟೇಲಿರೋ ಹಳದೀನೇ ಸಾಕು. ಅಡ್ಡಡ್ಡ ಈಜೋಕೆ ಶುರು ಮಾಡಿದ್ಮೇಲೆ ಅಪ್ಪನ್ನೂ ತೆಗೆದು ಊಟ ಶುರು ಮಾಡ್ಬೇಕು.

ಎರಡನೇ ಸಲ ಹತ್ತು ದಿನ ಮುಂಚೇನೇ ಒಂದು ಬಾಟ್ಲಿಗೆ ಟ್ಯಾಂಕಿನ ಹಳೇ ನೀರು, ಒಣಗಿದ ಎಲೆಕೋಸಿನ ಚೂರು ಹಾಕಿ ಕಿಟಕಿ ಹತ್ರ ಇಟ್ಟೆ. ಮೊದ್ಲು ಮಬ್ಬಾಗಿ ನಾರುತ್ತೆ, ಆಮೇಲೆ ತಿಳಿಯಾಗುತ್ತೆ, ಬೆಳಕಿಗೆ ಹಿಡಿದ್ರೆ ಸಣ್ಣ ಧೂಳು ಓಡಾಡಿದಂಗೆ ಕಾಣುತ್ತೆ, ಅದೇ ಇನ್ಫ್ಯೂಸೋರಿಯಾ, ಮರಿಗಳು ತಿನ್ನೋ ಅತಿ ಸಣ್ಣ ಜೀವಿಗಳು. ನಾಲ್ಕು ದಿನ ಅದು, ಆಮೇಲೆ ಆರ್ಟೀಮಿಯಾ, ಅಂದ್ರೆ ಉಪ್ಪುನೀರಿನ ಸಣ್ಣ ಸೀಗಡಿಯಂಥ ಜೀವಿಯ ಮರಿ. ಒಂದ್ ಲೀಟರ್ ಬಾಟ್ಲಿಗೆ 25 ಗ್ರಾಂ ಕಲ್ಲುಪ್ಪು, ಚಿಟಿಕೆ ಆರ್ಟೀಮಿಯಾ ಮೊಟ್ಟೆ, ಏರ್ ಪಂಪ್ ಪೈಪು ತಳದ ತನಕ, ಒಂದು ದಿನಕ್ಕೆ ಒಡೆಯುತ್ತೆ. ಗಾಳಿ ನಿಲ್ಸಿ ಒಂದು ಕಡೆಯಿಂದ ಟಾರ್ಚ್ ಹಿಡಿದ್ರೆ ಎಲ್ಲಾ ಬೆಳಕಿನ ಕಡೆ ಗುಂಪಾಗ್ತಾವೆ, ಸಿಪ್ಪೆ ಮೇಲೆ ತೇಲುತ್ತೆ, ಪೈಪಲ್ಲಿ ಎಳ್ಕೊಂಡು ಬಟ್ಟೇಲಿ ಸೋಸಿ ಸಿಹಿನೀರಲ್ಲಿ ತೊಳೆದು ಹಾಕೋದು. ಹಾಕಿ ಹತ್ತು ನಿಮ್ಷಕ್ಕೆ ಮರಿಗಳ ಹೊಟ್ಟೆ ಕಿತ್ತಳೆ ಬಣ್ಣಕ್ಕೆ ಉಬ್ಬಿರುತ್ತೆ, ಆ ಬಣ್ಣ ಕಾಣದಿರೋ ಮರಿ ಎರಡು ದಿನದಲ್ಲಿ ಹೋಗುತ್ತೆ ಅಂತ್ಲೇ ಲೆಕ್ಕ.

ತಳದಲ್ಲಿ ಕಲ್ಲು ಹಾಕ್ಬೇಡಿ, ಕಸ ಸಿಕ್ಕಾಕೊಳುತ್ತೆ. ನಾನು ಏರ್ ಪೈಪಲ್ಲೇ ದಿನಾ ಒಂದು ಚೊಂಬು ನೀರು ಎಳೆದು, ಕ್ಲೋರಿನ್ ಹೋಗಿರೋ ನೀರನ್ನ ಹನಿ ಹನಿಯಾಗಿ ಬಿಡ್ತಿದ್ದೆ. ಎಳೆದ ನೀರನ್ನ ಬಿಳಿ ಬಕೆಟ್ಟಲ್ಲೇ ಹಿಡೀರಿ, ಪ್ರತಿ ಸಲ ಎರಡ್ಮೂರು ಮರಿ ಅದ್ರಲ್ಲಿ ಸಿಗ್ತಾವೆ. ಮೂರ್ನಾಲ್ಕು ವಾರಕ್ಕೆ ಮರಿಗಳು ಮೇಲೆ ಬಂದು ಗಾಳಿ ಕುಡಿಯೋಕೆ ಶುರು ಮಾಡ್ತಾವೆ, ಆಗ ಮೇಲಿನ ಗಾಳೀನೂ ಬೆಚ್ಚಗಿರ್ಬೇಕು, ಟ್ಯಾಂಕ್ ಮುಚ್ಚಿಡಿ.

ಅರವತ್ತು ಚಿಲ್ರೆ ಉಳಿದ್ವು. ಈಗ ಗಂಡುಗಳದ್ದು ಜಗಳ ಶುರುವಾಗಿದೆ, ಒಂದೊಂದಕ್ಕೂ ಒಂದೊಂದು ಬಾಟ್ಲಿ ಬೇಕು, ಅಮ್ಮ ಉಪ್ಪಿನಕಾಯಿ ಭರಣಿಗಳನ್ನೆಲ್ಲಾ ಬೀರುಲಿಟ್ಟು ಬೀಗ ಹಾಕಿದಾರೆ.