ಹುದ್ದೆ ಇಲ್ಲ, ಫ್ಲೆಕ್ಸ್ ಇಲ್ಲ: ನಮ್ಮ ಕ್ರಾಸಿನ ಪಕ್ಷದ ಗುಂಪು

ಯಾವ ಪಕ್ಷ ಅಂತ ಹೇಳಲ್ಲ, ಪಕ್ಷದ ಸದಸ್ಯರನ್ನು ಕ್ರಾಸಿನ ಮಟ್ಟದಲ್ಲಿ ಒಂದು ಗುಂಪಾಗಿ ಸೇರಿಸೋ ಕೆಲಸ ಎಲ್ಲ ಪಕ್ಷಗಳಲ್ಲೂ ಹೆಚ್ಚುಕಡಿಮೆ ಒಂದೇ ಥರ. ಬೆಂಗಳೂರಿನ ಹನುಮಂತನಗರದ ನಮ್ಮ ಭಾಗದಲ್ಲಿ ಬ್ಲಾಕ್ ಸಮಿತಿ ಇತ್ತು, ಪದಾಧಿಕಾರಿಗಳೂ ಇದ್ದರು. ಆದರೆ ಸದಸ್ಯತ್ವ ಅಭಿಯಾನದಲ್ಲಿ ಹೆಸರು ಬರೆಸಿದವರನ್ನು ಆಮೇಲೆ ಯಾರೂ ಮಾತಾಡಿಸಿರಲಿಲ್ಲ.

ವಾರ್ಡ್ ಹಿಡಿದು ಗುಂಪು ಕಟ್ಟಬಾರದು ಅಂತ ಮೊದಲೇ ತೀರ್ಮಾನ ಮಾಡಿದೆವು. 2015ರಲ್ಲಿ ಪಾಲಿಕೆ ಚುನಾವಣೆ ನಡೆದಾಗ ಊರಲ್ಲಿ 198 ವಾರ್ಡ್ ಇದ್ದವು. ಆ ಕೌನ್ಸಿಲ್ ಅವಧಿ 2020ರ ಸೆಪ್ಟೆಂಬರ್‌ನಲ್ಲಿ ಮುಗಿದ ಮೇಲೆ ವಾರ್ಡ್‌ಗಳು ಕಾಗದದ ಮೇಲೆ 243 ಆದವು, ಮತ್ತೆ 225 ಆದವು, 2025ರಲ್ಲಿ ಐದು ಪಾಲಿಕೆಗಳಾಗಿ 369ಕ್ಕೆ ಬಂದು ನಿಂತವು. ಗೆರೆ ಬದಲಾದಾಗಲೆಲ್ಲ ವಾರ್ಡ್ ಘಟಕಕ್ಕೆ ಅಧ್ಯಕ್ಷ ಯಾರು ಅನ್ನೋ ಜಗಳ. ಮೇನು, ಕ್ರಾಸು ಎಲ್ಲಿಗೂ ಹೋಗಲ್ಲ. ಹಾಗಾಗಿ ಒಂದೇ ಶಾಲೆಗೆ ಹೋಗಿ ವೋಟು ಹಾಕೋ ಕ್ರಾಸುಗಳನ್ನಷ್ಟೇ ತಗೊಂಡೆವು.

ಸದಸ್ಯರ ಪಟ್ಟಿ ಹಿಡಿದು ಸಂಜೆ ಹೊತ್ತು ಫೋನ್ ಮಾಡುತ್ತಿದ್ದೆ. ಎಷ್ಟೋ ನಂಬರ್ ಸತ್ತಿದ್ದವು. ಸಿಕ್ಕವರು ಕೇಳುತ್ತಿದ್ದದ್ದು ಒಂದೇ: "ಚಂದಾ ಕೇಳೋಕಾ ಸಾರ್?" ಭಾನುವಾರ ಬೆಳಿಗ್ಗೆ ದರ್ಶಿನಿಗೆ ಬನ್ನಿ, ಭಾಷಣ ಇರಲ್ಲ ಅನ್ನುತ್ತಿದ್ದೆ. ಬೈಟು ಕಾಫಿ, ಅವರವರ ದುಡ್ಡು ಅವರವರೇ ಕೊಡಬೇಕು. ಇದು ಜಿಪುಣತನ ಅನ್ನಿಸಬಹುದು, ಆದರೆ ನಾಲ್ಕು ವಾರ ಬಿಲ್ ಕೊಟ್ಟವನು ಐದನೇ ವಾರಕ್ಕೆ ನಾಯಕ ಆಗಿರುತ್ತಾನೆ.

ದರ್ಶಿನಿಗೆ ಹೆಂಗಸರು ಬರಲಿಲ್ಲ. ಅವರಿಗಾಗಿ ನಿವೃತ್ತ ಮೇಡಂ ಒಬ್ಬರ ಮನೆಯಲ್ಲಿ ಮಧ್ಯಾಹ್ನ ಸೇರಲು ಶುರು ಮಾಡಿದೆವು. ಗಂಡಸರ ಕೂಟದಲ್ಲಿ ದಿಲ್ಲಿ ರಾಜಕೀಯ, ಅಲ್ಲಿ ಕಾವೇರಿ ನೀರು ಬರೋ ದಿನ, ಕಸದ ಆಟೋ ಬರೋ ಹೊತ್ತು. ನಿಜವಾದ ಸಂಘಟನೆ ಅಲ್ಲೇ ನಡೆದದ್ದು ಅಂತ ನನ್ನ ಅಭಿಪ್ರಾಯ.

ಗುಂಪನ್ನು ಹಿಡಿದಿಟ್ಟದ್ದು ಮಾತ್ರ ಮತದಾರರ ಪಟ್ಟಿ. ನಮ್ಮ ಭಾಗದ ಪಟ್ಟಿ ಪ್ರಿಂಟ್ ಹಾಕಿಸಿ, ಇಬ್ಬಿಬ್ಬರಂತೆ ಮನೆಮನೆಗೆ ಹೋದೆವು. ಬಾಡಿಗೆಯವರೇ ಹೆಚ್ಚಿರೋ ಊರಿದು. ಪಟ್ಟಿಯಲ್ಲಿ ಇರೋರು ಮನೆಯಲ್ಲಿಲ್ಲ, ಮನೆಯಲ್ಲಿ ಇರೋರು ಪಟ್ಟಿಯಲ್ಲಿಲ್ಲ. ಹದಿನೆಂಟು ತುಂಬಿದ ಮಕ್ಕಳಿಗೆ ಫಾರಂ 6, ವಿಳಾಸ ಬದಲಾದವರಿಗೆ ಫಾರಂ 8. ಬೇರೆ ಪಕ್ಷದವರ ಮನೆಯಲ್ಲೂ ತುಂಬಿಸಿಕೊಟ್ಟೆವು. ನಮ್ಮವರೇ ಕೆಲವರು ಮುನಿಸಿಕೊಂಡರು. ನನಗಂತೂ ಅದು ಸರಿ ಅನ್ನಿಸಿತು, ಮುಂದಿನ ಸಲ ಅದೇ ಮನೆಯವರು ಗೇಟು ತೆಗೆದು ಒಳಗೆ ಕರೆದು ಕೂರಿಸಿದರು.

ಬೂತ್ ಮಟ್ಟದ ಏಜೆಂಟ್ (ಬೂತಿನ ಮತದಾರರ ಪಟ್ಟಿ ನೋಡಿಕೊಳ್ಳೋ ಪಕ್ಷದ ಪ್ರತಿನಿಧಿ) ಆಗಬೇಕಾದರೆ ಪಕ್ಷವೇ ಅಧಿಕೃತವಾಗಿ ನೇಮಿಸಬೇಕು. ನಮ್ಮಂಥ ಗುಂಪಿಗೆ ಆ ಅಧಿಕಾರ ಇಲ್ಲ. ಹಾಗಾಗಿ ಗುರುತು ಹಾಕಿದ ಪಟ್ಟಿ ತಗೊಂಡು ನೇರ ಬ್ಲಾಕ್ ಅಧ್ಯಕ್ಷರ ಹತ್ತಿರ ಹೋದೆ. "ಏನ್ರೀ, ಇನ್ನೊಂದು ಸಮಿತಿ ಮಾಡ್ತಿದ್ದೀರಂತೆ?" ಅಂದರು. ಚಾಡಿ ನನಗಿಂತ ಮುಂಚೆ ತಲುಪಿತ್ತು. "ಸಮಿತಿ ನಿಮ್ಮದೇ ಅಧ್ಯಕ್ಷರೇ, ನಮ್ಮಲ್ಲಿ ಸೆಕ್ರೆಟರಿಯೂ ಇಲ್ಲ" ಅಂತ ಪಟ್ಟಿ ಮುಂದಿಟ್ಟೆ. ಸತ್ತವರ, ಊರು ಬಿಟ್ಟವರ ಹೆಸರುಗಳನ್ನು ಅವರು ಬಹಳ ಹೊತ್ತು ನೋಡಿದರು. ಏಜೆಂಟ್ ಸ್ಥಾನಕ್ಕೆ ನಮ್ಮ ಗುಂಪಿನ ಹುಡುಗಿಯೊಬ್ಬಳ ಹೆಸರು ಕಳಿಸಿಕೊಟ್ಟರು. ಅಂದಿನಿಂದ ಪ್ರತಿ ಕೂಟ ಮುಗಿದ ಮೇಲೆ ಏನು ನಡೀತು ಅಂತ ಅವರಿಗೆ ಎರಡು ಸಾಲು ಮೆಸೇಜ್ ಹಾಕುತ್ತೇನೆ.

ಕಷ್ಟ ಕೊಟ್ಟವರು ಟಿಕೆಟ್ ಆಕಾಂಕ್ಷಿಗಳು. ಹೊಸ ಪಾಲಿಕೆಗಳ ಸುದ್ದಿ ಬಂದದ್ದೇ ತಡ, ಬೆಲ್ಲಕ್ಕೆ ಇರುವೆ ಮುತ್ತಿದ ಹಾಗೆ ಬಂದರು. ಒಬ್ಬರು ನಮ್ಮೆಲ್ಲರ ಫೋಟೋ ಹಾಕಿ ದೊಡ್ಡ ಫ್ಲೆಕ್ಸ್ ಮಾಡಿಸ್ತೀನಿ ಅಂದರು (ಹೈಕೋರ್ಟ್ ಎಷ್ಟು ಸಲ ಗದರಿದರೂ ಈ ಊರಿಗೆ ಫ್ಲೆಕ್ಸ್ ಹುಚ್ಚು ಬಿಟ್ಟಿಲ್ಲ). ಬೇಡ ಅಣ್ಣ, ಭಾನುವಾರ ಬನ್ನಿ, ಕಾಫಿ ನಿಮ್ಮ ದುಡ್ಡಲ್ಲೇ ಕುಡೀರಿ ಅಂದೆವು. ಎರಡು ವಾರ ಬಂದರು, ಆಮೇಲೆ ಕಾಣಲಿಲ್ಲ. ವಾಟ್ಸ್ಯಾಪ್ ಗುಂಪಿಗೆ ಪ್ರತಿ ತಿಂಗಳು ಅಡ್ಮಿನ್ ಬದಲು, ಫಾರ್ವರ್ಡ್ ನಿಷಿದ್ಧ.

ಜನ ಹೆಚ್ಚಾಗಿ ದರ್ಶಿನಿಯವರು ಗೊಣಗತೊಡಗಿದಾಗ ಮೇನ್ ರೋಡ್ ಆಚೆಯವರು ಬೇರೆ ಗುಂಪು ಮಾಡಿಕೊಂಡರು. ಅವರು ಶನಿವಾರ ಸಂಜೆ ಸೇರುತ್ತಾರೆ. ಕರೆದರೆ ಮಾತ್ರ ಹೋಗುತ್ತೇನೆ.